ಇಂದುಧರನ ಹೆಸರಿದ್ದ ಪುಟ

ಮೇಡಂ ಕಂಪ್ಯೂಟರಿನಲ್ಲಿ ಹೊಸ ಪ್ರೋಗ್ರಾಮು ಇಳಿಯುತ್ತಿದೆ, ನೀಲಿ ಪಟ್ಟಿ ಇಷ್ಟಿಷ್ಟೇ ತೆವಳುತ್ತಿದೆ, ಅರ್ಧಕ್ಕೆ ಬಂದು ನಿಂತಿತೇ, ಇಲ್ಲ, ಮತ್ತೆ ಸರಿಯಿತು — ನಿಲ್ಲು ಮಾರಾಯ, ಒಂಚೂರು ನಿಲ್ಲು, ಅದು ತುಂಬುವುದರೊಳಗೆ ದೇವರಾಜ್ ಬಾಯಿ ಬಿಡಬೇಕು, ತುಂಬಿತೋ ಮೊದಲ ಪರದೆಯಲ್ಲೇ ಇಂದುಧರನ ಹೆಸರು, ಒಳಗೆ ಸುವರ್ಣಮ್ಮ ಮೇಡಂ ಕಾಫಿ ಸೋಸುತ್ತಿದ್ದಾರೆ, ಬಸ್ತಿಹಳ್ಳಿಗೆ ಬರೋದೇ ಮರೆತೆ ಕಣೋ ನೀನು, ಅರಸೀಕೆರೇಲಿ ಕಂಪ್ಯೂಟರ್ ಸೆಂಟರ್ ಇಟ್ಟ ಮೇಲೆ ದೊಡ್ಡ ಮನುಷ್ಯ ಆಗ್ಬಿಟ್ಟೆ, ಮೂರನೇ ಕ್ಲಾಸಿನಲ್ಲಿ ಮಗ್ಗಿ ಹೇಳಿಸಿದ ಅದೇ ದನಿ, ಆ ದನಿಗೆ ಸುಳ್ಳು ಹೇಳಿದನಲ್ಲ ದೇವರಾಜ್, ಥೂ ಇವನ ಜನ್ಮಕ್ಕಿಷ್ಟು — ಹೋದ ವರ್ಷ ಇದೇ ಕುರ್ಚಿ, ಮೇಡಂ ಅಂದಿದ್ದರು, ಬ್ಯಾಂಕಿಗೊಂದು ಪಾಸ್‌ವರ್ಡ್, ಮೇಲ್‌ಗೊಂದು, ರೈಲು ಟಿಕೆಟ್ಟಿಗೊಂದು, ನನ್ನ ತಲೇಲಿ ನಿಲ್ಲಲ್ಲ ಕಣಪ್ಪ, ಎಲ್ಲಾ ಕೂಡಿಡೋ ಪ್ರೋಗ್ರಾಮು ಇರ್ತವಂತೆ, ಯಾವುದನ್ನ ನಂಬೋದು, ಊರು ಹೆಸರು ಗೊತ್ತಿಲ್ಲದೋರದ್ದು ಬೇಡ, ನೀನೇ ಮಾಡಿದ್ದು ಇದ್ರೆ ಹಾಕ್ಕೊಡು, ಇದೆ ಮೇಡಂ, ಎಂದುಬಿಟ್ಟ, ಎಲ್ಲಿತ್ತು, ಇದ್ದದ್ದು ಬೇಲೂರಿನ ಇಂದುಧರ ಬರೆದು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು, ಒಳಗಿನ ಕೋಡನ್ನೆಲ್ಲ ತೆರೆದಿಟ್ಟು, ನೋಡಿ, ತಿದ್ದಿ, ಹಂಚಿ, ನನ್ನ ಹೆಸರು ವಿಳಾಸ ಇರುವ ಈ ಲೈಸೆನ್ಸ್ ಪುಟವನ್ನು ಮಾತ್ರ ತೆಗೆಯಬೇಡಿ, ಕೇಳಿಕೊಂಡಿದ್ದು ಅಷ್ಟೇ, ಅದೊಂದನ್ನೇ ತೆಗೆದು ಇವನು ತನ್ನ ಹೆಸರು ಕೂರಿಸಿದ, ನಮ್ಮ ಶಿಷ್ಯ ಮಾಡಿದ್ದು ನೋಡ್ರೀ ಎಂದು ಮೇಡಂ ಪಕ್ಕದ ಮನೆಯವರಿಗೆ ತೋರಿಸುವಾಗ ಹಲ್ಲು ಕಿಸಿದುಕೊಂಡು ನಿಂತಿದ್ದ.

ಪಟ್ಟಿ ಮುಕ್ಕಾಲಾಯಿತು, ಹೇಳೋ, ಹೇಳೋ — ಹೋದ ವಾರ ಇಂದುಧರ ತನ್ನ ವೆಬ್‌ಸೈಟಿನಲ್ಲಿ ಬರೆದಿದ್ದ, ಹಳೆಯ ಪ್ರೋಗ್ರಾಮಿನಲ್ಲಿ ನನ್ನ ಕೈತಪ್ಪಿನಿಂದ ಪಾಸ್‌ವರ್ಡುಗಳು ಬೀಗವಿಲ್ಲದೆ, ಯಾರಾದರೂ ಓದುವಂತೆ ಇನ್ನೊಂದು ಕಡೆ ಉಳಿದುಬಿಡುತ್ತಿವೆ, ಕ್ಷಮಿಸಿ, ಹೊಸದನ್ನು ಹಾಕಿಕೊಂಡು ಎಲ್ಲವನ್ನೂ ಬದಲಾಯಿಸಿ, ಓದಿದವರು ಬದಲಾಯಿಸಿಕೊಂಡರು, ಮೇಡಂ ಎಲ್ಲಿ ಓದಬೇಕು, ಆ ವಿಳಾಸವನ್ನೇ ಅಳಿಸಿದ ಪುಣ್ಯಾತ್ಮ ಇಲ್ಲಿ ಕೂತಿದ್ದಾನೆ, ಹೊಸದರಲ್ಲೂ ಹೆಸರು ಅಳಿಸಿಬಿಡೋಣ ಎಂದು ಬೆಳಗ್ಗೆ ಕೈ ಹೋಗಿತ್ತು, ಮುಟ್ಟದೆ ಹಾಗೇ ತಂದ — ಕಾಫಿ ಬಂತು, ಪಟ್ಟಿ ತುಂಬಿತು, ಮೇಡಂ ಕನ್ನಡಕ ಏರಿಸಿ ಬಗ್ಗಿದರು, ಇಂದುಧರ ಯಾರಪ್ಪ, ಇದನ್ನ ಮಾಡಿದೋರು ಮೇಡಂ, ಮತ್ತೆ ನೀನು, ನಾನು ಅವರ ಹೆಸರು ಅಳಿಸಿದೆ ಅಷ್ಟೇ, ಒಂದೇ ಉಸಿರಿಗೆ ಎಲ್ಲ ಕಕ್ಕಿದ, ತಪ್ಪು, ಬೀಗ, ಬ್ಯಾಂಕು, ಬೈಯಲಿ, ಕಪಾಳಕ್ಕೆ ಬಿಡಲಿ, ಅವರು ಬೈಯಲಿಲ್ಲ, ಆಯಪ್ಪ ತನ್ನ ತಪ್ಪು ತಾನೇ ಹೇಳ್ಕೊಂಡಿದಾರಲ್ಲ, ಅವರ ಪ್ರೋಗ್ರಾಮೇ ಇರಲಿ ಬಿಡು, ಕಾಫಿ ಆರೋಗುತ್ತೆ ಕುಡಿ, ಎಂದು ಹೊಸ ಪಾಸ್‌ವರ್ಡ್ ಒತ್ತಲು ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು, ಹೋದ ವರ್ಷ ನಿನ್ನ ಮುಂದೆ ಎಂಥ ಮುಚ್ಚುಮರೆ ಎಂದು ಪಾಸ್‌ವರ್ಡನ್ನು ಅಕ್ಷರ ಅಕ್ಷರ ಬಾಯಲ್ಲಿ ಹೇಳಿಕೊಂಡೇ ಒತ್ತಿದ್ದವರು ಈಗ ಸೆರಗಿನ ತುದಿ ಬಿಡಿಸಿ ಕೀಗಳ ಮೇಲೆ ಹರಡಿದರು, ಅದರಡಿಗೆ ಒಂದು ಕೈ ತೂರಿಸಿದರು — ಇವನು ಕಿಟಕಿ ನೋಡಿದ, ಕಾಫಿಯ ಕೆನೆ ನೋಡಿದ, ಮತ್ತೆ ಅಲ್ಲೇ, ಸೆರಗು, ಸೆರಗಿನಡಿ ತಡಕಾಡುವ ಬೆರಳು, ಕೀಬೋರ್ಡಿನ ಮೇಲೆ ಸೆರಗು