ಮುಕಾದಮನ ಪಿಸುದನಿ

"ಆರೋಪಿ ಪರ ವಕೀಲರು ಹಾಜರಾಗ್ರೀ..."

ಕಲಬುರಗಿ ಕೋರ್ಟಿನ ಬೇವಿನ ಗಿಡದ ಹಿಂದಿನಿಂದ ಜವಾನನ ದನಿ ಎದ್ದದ್ದೇ ತಡ, ಚಹಾ ಕುಡೀತಿದ್ದ ಕರಿಕೋಟಿನ ವಕೀಲರೊಬ್ಬರು ಕಪ್ಪು ಅಲ್ಲೇ ಬಿಟ್ಟು ಓಡಿದರು. ಕಾರಿಡಾರಿಗೆ ಹೋಗಿ ನೋಡಿದರೆ, ಅಸಲಿ ಜವಾನ ಸ್ಟೂಲಿನ ಮೇಲೆ ಕೂತು ಆರಾಮಾಗಿ ಸುಸಲಾ ತಿಂತಿದ್ದ. ಇತ್ತ ಗಿಡದ ಹಿಂದೆ ಹದಿನಾಲ್ಕರ ಹುಡುಗಿ ಯಶೋಧರಾ ದುಪಟ್ಟಾ ಬಾಯಿಗೆ ತುರುಕಿಕೊಂಡು ನಗ್ತಿದ್ದಳು.

ಸರ್ಕಾರಿ ವಕೀಲೆ ಪದ್ಮಜಾ ಮೇಡಮ್‌ಗೆ ಮಾತ್ರ ನಗು ಬರಲಿಲ್ಲ. ಓಡಿದ್ದು ಬೇರೆ ಯಾರೋ ಆಗಿದ್ದರೆ ನಡೀತಿತ್ತು. ಇವತ್ತು ಇದೇ ಹುಡುಗಿಯ ಸಾಕ್ಷಿ ಒಡೆಯೋದಕ್ಕೆ ಬಂದ ವಕೀಲರೇ ಅವರು.

"ಯಶೋ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ."

"ಬೀಗ ಹಾಕ್ಕೊಂಡ್ರ ಸಾಕ್ಷಿ ಹ್ಯಾಂಗ ಹೇಳ್ಲಿ ಮೇಡಮ್?"

ಆಯಿ ಪುತಳಾಬಾಯಿ ಮೊಮ್ಮಗಳ ತಲೆಗೊಂದು ಮೊಟಕಿದಳು.

ಆಯಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೋದಾಮಿನಲ್ಲಿ ಕೂಲಿ. ಅಲ್ಲಿ ಹೆಣ್ಣುಮಕ್ಕಳು ಗೋಡೆ ನೆರಳಿಗೆ ಬುತ್ತಿ ಬಿಚ್ಚಿದರೆ ಸಾಕು, ಯಶೋ ಗೋಡೆಯಾಚೆ ನಿಂತು ಕೂಲಿಯವರ ಮೇಸ್ತ್ರಿ ಮುಕಾದಮನ ದನಿ ತೆಗೆದು "ಏಳ್ರೀ, ಲಾರಿ ಬಂತು" ಅಂತ ಗುಡುಗುತ್ತಿದ್ದಳು. ಎಲ್ಲರೂ ಧಡಪಡ ಎದ್ದು, ಆಮೇಲೆ ಅವಳ ಏಳು ತಲೆಮಾರನ್ನು ಬೈದು, ನಕ್ಕು, ಮತ್ತೆ ರೊಟ್ಟಿ ಮುರೀತಿದ್ದರು. ಹೋದ ಬೇಸಿಗೆಯಲ್ಲಿ ಒಂದಿನ ನಿಜವಾಗಲೂ ಲಾರಿ ಬಂತು. ಮುಕಾದಮ ಎಲ್ಲರನ್ನೂ ಲಾರಿಗೆ ಓಡಿಸಿ, ಕಾಯಿ ಹಣ್ಣು ಮಾಡುವ ಕತ್ತಲೆ ಕೋಣೆಗೆ ಬಂದು ಬಾಗಿಲು ಹಾಕಿದ. ಒಳಗೆ ಗೊನೆಗೆ ಹುಲ್ಲು ಮುಚ್ಚುತ್ತಿದ್ದವಳು ಯಶೋ ಒಬ್ಬಳೇ. ಅವಳ ಮೈಮೇಲೆ ಕೈ ಹಾಕಿದ.

ಅವತ್ತು ಸಂಜೆ ಹೇಳಿದಾಗ ಆಯಿ ನಂಬಲಿಲ್ಲ. ಇದೂ ನಿನ್ನ ಒಂದು ನಾಟಕ, ನಾಟಕದಾಕಿ ಅಂತ ಬೈದಳು. ಆಮೇಲೆ ಹುಡುಗಿ ಯಾರ ದನಿಯನ್ನೂ ತೆಗೆಯೋದು ಬಿಟ್ಟಳು. ಸಿನಿಮಾ ಡೈಲಾಗಿಲ್ಲ, ಬಸ್ಸಿನ ಹಾರ್ನಿಲ್ಲ, ಏನೂ ಇಲ್ಲ. ಮನೆ ಹಂಗೆ ಸುಮ್ಮಗಾದ ಮೇಲೆ ಇದು ನಾಟಕ ಅಲ್ಲ ಅಂತ ಆಯಿಗೆ ತಿಳೀತು. ಮೊಮ್ಮಗಳ ಕೈ ಹಿಡಿದು ಪೊಲೀಸ್ ಠಾಣೆಗೆ ನಡೆದಳು. ವಾಪಸ್ ಬರುವಾಗ ಹುಡುಗಿ ಬಸ್ಸಿನ ಹಾರ್ನು ಮತ್ತೆ ತೆಗೆದಳು.

ಪದ್ಮಜಾ ಮೇಡಮ್ ಬೆಂಚಿನ ಮೇಲೆ ಕೂತು ಮತ್ತೊಮ್ಮೆ ಬಿಡಿಸಿ ಹೇಳಿದರು. ನೀನು ಇನ್ನೂ ಸಣ್ಣಾಕಿ ಅನ್ನೋದಕ್ಕೆ ಶಾಲೆಯ ದಾಖಲೆ ಅದ. ಹಿಂಗಾತು ಅನ್ನೋದನ್ನು ನೀನು ಹೇಳಬೇಕು. ಮಾಡಿದವ ಅವನೇ ಅಂತ ನಾವು ತೋರಿಸಬೇಕು. ಯಾಕೆ ಚೀರಲಿಲ್ಲ, ಮೈಮೇಲೆ ಗಾಯ ಯಾಕಿಲ್ಲ, ಈಗ ಯಾಕೆ ನಗ್ತಿ, ಅದ್ಯಾವುದೂ ನಮ್ಮ ತಲೆಬೇನೆ ಅಲ್ಲ. ಇಷ್ಟು ಗಟ್ಟಿ ನಿಂತರೆ, ತಾನು ಮಾಡಿಲ್ಲ ಅಂತ ತೋರಿಸೋದು ಅವನ ಪಾಳಿ.

ಮೇಡಮ್‌ಗೆ ಚಿಂತೆ ಇದ್ದದ್ದು ಮಾಡಿದವ ಅವನೇ ಅಂತ ತೋರಿಸೋದರದ್ದೇ. ಕತ್ತಲಲ್ಲಿ ಹುಡುಗಿಗೆ ಅವನ ಮುಖ ಕಂಡಿರಲಿಲ್ಲ, ದನಿ ಮಾತ್ರ ಕೇಳಿದ್ದಳು. ಮುಕಾದಮ ಎಲ್ಲರನ್ನೂ ಹೊರಗೆ ಓಡಿಸಿದ್ದನ್ನು ಆಯಿಯ ಜೊತೆ ಕೂಲಿ ಮಾಡುವ ಚಾಂದಬಿ ನೋಡಿದ್ದಳು. ಪೊಲೀಸರ ಮುಂದೆ ಹೇಳಿದ್ದಳು ಕೂಡ. ಈಗ ಮುಕಾದಮ ಜಾಮೀನಿನ ಮೇಲೆ ಹೊರಗಿದ್ದ, ಗೋದಾಮಿನ ಹಾಜರಿ, ಕೂಲಿ ಎರಡೂ ಅವನ ತಮ್ಮನ ಕೈಯಲ್ಲಿತ್ತು. ಚಾಂದಬಿ ಕೋರ್ಟಿಗೆ ಬರ್ತಾಳೋ ಇಲ್ಲೋ ಅಂತ ಕೇಳಿದರೆ "ಆಕಿದೂ ಹೊಟ್ಟಿ ನಡೀಬೇಕಲ್ರೀ," ಅಂದಳು ಪುತಳಾಬಾಯಿ.

"ಒಳಗ ತಲಿ ಬಗ್ಗಿಸಿ, ಮೆಲ್ಲಕ ಮಾತಾಡು," ಅಂದರು ಮೇಡಮ್.

"ತಲಿ ಬಗ್ಗಿಸಿದ್ರ ಮಾತು ನೆಲಕ್ಕ ಬೀಳ್ತದ್ರೀ. ಜಡ್ಜ್ ಸಾಹೇಬ್ರಿಗೆ ಕೇಳ್ಬೇಕಲ್ಲ?"

ಒಳಗೆ ಹೋದ ಮೇಲೆ ಕೋರ್ಟ್ ಹಾಲಿನ ಬಾಗಿಲು ಮುಚ್ಚಿದರು. ಅಡ್ಡ ಪರದೆ, ಪರದೆಯಾಚೆ ಮುಕಾದಮ. ಯಶೋ ಪಕ್ಕದ ಕುರ್ಚಿಯಲ್ಲಿ ಆಯಿ. ವಕೀಲರು ಪ್ರಶ್ನೆಯನ್ನು ಜಡ್ಜ್ ಸಾಹೇಬರಿಗೆ ಹೇಳೋದು, ಅವರು ಹುಡುಗಿಗೆ ಕೇಳೋದು, ಹಂಗೆ ನಡೀತು. ಬೆಳಗ್ಗೆ ಜವಾನನ ದನಿ ತೆಗೆದು ನನ್ನನ್ನು ಓಡಿಸಿದ್ದು ನೀನೇ ಹೌದೋ ಅಲ್ಲೋ? ಹೌದು. ಮುಕಾದಮನ ದನಿಯೂ ಬರ್ತದೋ? ಬರ್ತದ. ಅಂದಮೇಲೆ ಆ ಕತ್ತಲಲ್ಲಿ ಇನ್ಯಾರೋ ಅವನ ದನಿ ತೆಗೆದಿರಬಹುದಲ್ಲ?

ಪದ್ಮಜಾ ಮೇಡಮ್‌ರ ಪೆನ್ನು ನಿಂತಿತು.

ಯಶೋ ಆಯಿಯ ಮುಖ ನೋಡಿದಳು. ಆಮೇಲೆ ಎದ್ದು ನಿಂತಳು.

"ಸಾಹೇಬ್ರೇ, ನಾ ದನಿ ಕದಿಯೋಕಿ. ಕೇಳಿದ್ದಷ್ಟೇ ಕದಿಯಾಕ ಬರ್ತದ. ಮುಕಾದಮ ದಿನಾ ಒದರ್ತಾನ, ಆ ದನಿ ಊರಾಗ ಯಾರಿಗಿ ಬೇಕಾದ್ರೂ ಬರ್ತದ. ಪಿಸುಗುಟ್ಟಿದ್ದು ಯಾರ್ ಕೇಳ್ಯಾರ? ಅವತ್ತ ಆ ಕತ್ತಲಕೋಣಿ ಬಾಗಿಲದಾಗ ನಿಂತು, ಎಲ್ಲರ ಮುಂದ ಒದರ್ಯಾನ. ಅದೇ ಉಸಿರಿನಾಗ ಒಳಗ ಬಂದು ಪಿಸುಗುಟ್ಯಾನ. ನಡುವ ದನಿ ಹರೀಲಿಲ್ರೀ, ಒದರಿದಾಂವನೇ ಪಿಸುಗುಟ್ಟಿದಾಂವ."

ಏನಂದ ಅಂತ ಜಡ್ಜ್ ಸಾಹೇಬರೇ ಕೇಳಿದರು. ಹಂಗೇ ಹೇಳ್ಲೇನ್ರೀ ಅಂತ ಯಶೋ ಕೇಳಿದಳು. ಹೇಳು ಅಂದರು.

"ಏಳ್ರೀ, ಲಾರಿ ಬಂತು!"

ಟೈಪ್ ಮಾಡ್ತಿದ್ದವರ ಕೈ ಜಿಗಿಯಿತು. ಆ ಗುಡುಗು ಉಸಿರು ಕಡಿಯದೆ ಇಳೀತಾ ಇಳೀತಾ ಕಿವಿಯ ಬುಡಕ್ಕೆ ಬಂತು.

"ನೀ ಹೇಳಿದ್ರ ಯಾರ್ ನಂಬ್ತಾರ? ನೀ ನಾಟಕದಾಕಿ, ಊರಿಗೇ ಗೊತ್ತದ."

ಪರದೆಯಾಚೆ ಕುರ್ಚಿ ಕಿರ್ ಅಂತು. ಪುತಳಾಬಾಯಿ ಸೆರಗನ್ನು ಮುಖಕ್ಕೆ ಒತ್ತಿ ಹಿಡಿದಳು. ಜಡ್ಜ್ ಸಾಹೇಬರು ಎರಡು ಮಾತನ್ನೂ ಇದ್ದದ್ದು ಇದ್ದಂಗೇ ಬರೆಸಿದರು. ಆರೋಪಿ ಪರ ವಕೀಲರು ಕಾಗದ ಹಿಂದೆ ಮುಂದೆ ತಿರುವಿ, ಸಾಕು ಅಂದರು.

ಹೊರಗೆ ಬಂದ ಮೇಲೆ ಪದ್ಮಜಾ ಮೇಡಮ್ ಹುಡುಗಿಯ ದುಪಟ್ಟಾ ಸರಿ ಮಾಡಿದರು. ಅವನು ಒದರಿದ್ದನ್ನು ನೋಡಿದವರು ಇನ್ನೊಬ್ಬರು ಬಂದು ಹೇಳಿದರೆ ಈ ಸಾಕ್ಷಿ ಅಲ್ಲಾಡೋದಿಲ್ಲ ಅಂತಷ್ಟೇ ಆಯಿಗೆ ಹೇಳಿದರು.

ಕಮಲಾಪುರದ ಬಸ್ಸಿನಲ್ಲಿ ಯಶೋ ಕಂಡಕ್ಟರನ ದನಿ ತೆಗೆದಳು. ಆಯಿ ಬೈಯಲಿಲ್ಲ. ಇಳಿದವಳು ಮನೆ ದಾರಿ ಬಿಟ್ಟು ನೇರ ಗೋದಾಮಿನ ಗೋಡೆಯ ತನಕ ನಡೆದಳು. ಆಚೆ ಬುತ್ತಿ ಬಿಚ್ಚಿದ್ದರು, ಹಸಿಮೆಣಸಿನ ಚಟ್ನಿಯ ವಾಸನೆ ಬರ್ತಿತ್ತು.

"ಕರಿ ಅವರಿಗಿ," ಅಂದಳು ಆಯಿ.

"ಯಾರ ದನ್ಯಾಗ, ಆಯಿ?"

"ನಿನ್ನ ದನ್ಯಾಗ."

ಯಶೋ ಗಂಟಲು ಸರಿ ಮಾಡಿಕೊಂಡಳು. ಅವಳ ಸ್ವಂತ ದನಿ ಅಷ್ಟೇನೂ ದೊಡ್ಡದಲ್ಲ, ನಡುವೆ ಒಂಚೂರು ಒಡೀತದೆ.

"ಚಾಂದಬಿ ಖಾಲಾ, ನಾ ಹೇಳಿ ಬಂದೀನಿ. ಇನ್ನ ನೀ ಬರ್ಬೇಕು."

ಗೋಡೆಯಾಚೆ ಹಾಜರಿ ಹಾಕುವ ಮುಕಾದಮನ ತಮ್ಮ ಏನೋ ಗದರಿದ. ಚಾಂದಬಿ ಮುರಿದ ರೊಟ್ಟಿ ಕೈಯಲ್ಲೇ ಹಿಡಿದು ಎದ್ದು ನಿಂತಳು. ಆಮೇಲೆ ಅವಳ ಪಕ್ಕದವಳು ಮಡಿಲ ಮೇಲಿನ ರೊಟ್ಟಿಯ ಚೂರು ಝಾಡಿಸಿಕೊಂಡಳು, ಅವಳಾಚೆಯವಳು ಏಳೋದಕ್ಕೆ ನೆಲಕ್ಕೆ ಕೈಯೂರಿದಳು. ಲಾರಿ ಬಂದಿರಲಿಲ್ಲ.