ಕಿಟಕಿಗೆ ಹೊಡೆದ ಎಕ್ಸ್‌ರೇ

ಗಗನಾಳಿಗೆ ಹುಟ್ಟಿದ ಮೂರನೇ ದಿನ ಶುರುವಾದ ಕೆಮ್ಮು ನಾಲ್ಕು ವರ್ಷ ತುಂಬಿದರೂ ನಿಂತಿಲ್ಲ. ವೈ.ಎನ್.ಹೊಸಕೋಟೆ ಹತ್ತಿರದ ಆ ಊರಿನಲ್ಲಿ ಅವಳನ್ನು ಹುಡುಕಲು ಕಣ್ಣು ಬೇಡ, ಕಿವಿ ಇದ್ದರೆ ಸಾಕು. ಆರೋಗ್ಯ ಉಪಕೇಂದ್ರದ ನರ್ಸ್ ಲೋಹಿತಾ ಆ ಮನೆಯ ಮೆಟ್ಟಿಲು ಹತ್ತಿದ್ದು ಇದು ನಾಲ್ಕನೇ ಸಲ. ಹನ್ನೊಂದರ ಬಸ್ಸಿಗೆ ಮಗುವನ್ನು ತುಮಕೂರಿನ ಮಕ್ಕಳ ಡಾಕ್ಟರ ಹತ್ತಿರ ಕಳಿಸಬೇಕು. ಶ್ವಾಸಕೋಶ ಹಾಳಾದ ಮೇಲೆ ಹೋಗಿ ಏನು ಫಲ?

ಬಾಗಿಲಲ್ಲೇ ಅಜ್ಜಿ ಪಟಾಲಮ್ಮ. ಕೈಯಲ್ಲಿ ಕೆಮ್ಮು ನಿಲ್ಲಿಸುವ ಸಿರಪ್ಪಿನ ಬಾಟಲಿ.

"ಕಳ್ಳೆಕಾಯಿ ಧೂಳು ಕಣಮ್ಮ. ಕಾಯಿ ಬಿಡಿಸೋದು ಮುಗಿದ್ರೆ ಹೋಯ್ತದೆ."

"ಹೋದ ಸಲ ಚಳಿ ಅಂದ್ರಿ. ಅದಕ್ಕೂ ಮುಂಚೆ ಹಲ್ಲು ಬರ್ತಾವೆ ಅಂದ್ರಿ. ಹಲ್ಲೆಲ್ಲ ಬಂದಾಯ್ತಲ್ಲ ಅಜ್ಜಿ."

"ರೋಗ ಎಲ್ಲಿಂದ ಬಂದಾತು? ನನ್ನ ಮಗಳ ಮಗಳನ್ನೇ ನನ್ನ ಮಗ ರಂಗರಾಜುಗೆ ತಂದ್ಕೊಂಡಿವ್ನಿ. ಹೊರಗಿನ ರಕ್ತ ಒಂದು ತೊಟ್ಟಿಲ್ಲ."

ಲೋಹಿತಾ ಒಳಗೆ ಬಂದಳು. ಆ ಮೊಮ್ಮಗಳು, ಗಗನಾಳ ತಾಯಿ ಶ್ರೀಲತಾ, ಒಲೆಯ ಮುಂದೆ ಕೂತು ಬೆಂಕಿ ಊದುತ್ತಿದ್ದಳು.

"ಎಕ್ಸ್‌ರೇ ತೆಗೆಸಿದ್ರಲ್ಲ, ಅದೆಲ್ಲಿ?"

"ಅದಾ? ಆ ಎಕ್ಸ್‌ರೇಯವ್ನು ತಿರುಗಾಮುರುಗಾ ತೆಗೆದುಬುಟ್ಟವ್ನೆ. ಗುಂಡಿಗೆ ಬಲಕ್ಕೆ ಬಂದದೆ. ಕಿಟಕಿ ಗಾಜು ಒಡೆದಿತ್ತು, ರಂಗರಾಜು ಅಲ್ಲಿಗೆ ಹೊಡ್ದ."

ನಾಲ್ಕು ಮೊಳೆಗಳ ನಡುವೆ ಕರಿ ಫಿಲ್ಮು. ಮೂಲೆಯಲ್ಲಿ ಎಡಭಾಗದ ಗುರುತಾದ ಎಲ್ ಅಕ್ಷರ. ಅಕ್ಷರ ನೆಟ್ಟಗೇ ಕಾಣುತ್ತಿತ್ತು, ಅಂದರೆ ಫಿಲ್ಮು ತಿರುಗಿಲ್ಲ; ಗುಂಡಿಗೆ ಮಾತ್ರ ಆ ಕಡೆಗಿರಲಿಲ್ಲ. ಲೋಹಿತಾ ಮಗುವನ್ನು ಕರೆದು, ಅಜ್ಜಿಯ ಅಂಗೈಯನ್ನು ಅದರ ಎದೆಗೆ ಒತ್ತಿದಳು.

"ಎಲ್ಲಿ ಬಡೀತಿದೆ? ನೀವೇ ಹೇಳಿ."

ಕೈ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಅಲ್ಲೇ ನಿಂತಿತು.

"ಬಲಕ್ಕೈತಲ್ಲಮ್ಮ," ಎಂದಳು ಪಟಾಲಮ್ಮ ಮೆಲ್ಲಗೆ. "ಅದಕ್ಕೂ ಕೆಮ್ಮಿಗೂ ಏನು?"

"ನಮ್ಮ ಉಸಿರಿನ ಕೊಳವೆ ಒಳಗೆ ಕಣ್ಣಿಗೆ ಕಾಣದ ಕೂದಲು ಇರ್ತವೆ. ನೀವು ರಾಗಿಗೆ ಒಟ್ಲುಪಾತಿ ಮಾಡಿ ಸಸಿ ಕಿತ್ತು ನಾಟಿ ಮಾಡ್ತೀರಲ್ಲ, ಹಾಗೇ. ಒಂದೊಂದು ಜೀವಕೋಶದ ಒಳಗೂ ಮೊದಲು ಪುಟ್ಟ ಬುಡಗಳು ಗುಂಪಾಗಿ ಹುಟ್ತವೆ. ಮೇಲಕ್ಕೆ ಬಂದು ಅಂಚಿಗೆ ಊರಿಕೊಳ್ತವೆ. ಆಮೇಲೆ ಬುಡಕ್ಕೊಂದು ಕೂದಲು ಏಳುತ್ತೆ. ಕೂದಲ ಒಳಗೆ ಎಳೆಗಳು, ಎಳೆಗಳಿಗೆ ಸಣ್ಣ ತೋಳು. ತೋಳು ಎಳೆದಾಗ ಕೂದಲು ಬಳುಕಿ ಕಫವನ್ನ ಮೇಲಕ್ಕೆ ಗುಡಿಸುತ್ತೆ."

"ಇವಳಿಗೆ?" ಶ್ರೀಲತಾ ಒಲೆಯ ಕಡೆಯಿಂದ ತಿರುಗಿದಳು.

"ತೋಳು ಬಂದಿಲ್ಲವೇನೋ. ಕೂದಲ ಪೈರಿದೆ, ತೂಗಲ್ಲ. ಬಸಿರಿನಲ್ಲಿ ಗುಂಡಿಗೆಗೆ ಎಡದ ದಾರಿ ತೋರಿಸೋದೂ ಇಂಥ ಕೂದಲೇ. ಅದು ಬಳುಕದಿದ್ರೆ ಗುಂಡಿಗೆ ಬಲಕ್ಕೂ ಹೋಗಬಹುದು. ಪರೀಕ್ಷೆ ಮಾಡಿದರೇ ಖಚಿತ. ಮದುವೆಯಾದ ಇಬ್ಬರು ಹತ್ತಿರದ ನೆಂಟರಲ್ಲಿ ಅಡಗಿದ್ದ ಒಂದೇ ಕೊರತೆ ಮಗುವಿನಲ್ಲಿ ಸೇರಿಕೊಳ್ಳಬಹುದು. ಯಾರ ತಪ್ಪೂ ಅಲ್ಲ. ಆದರೆ ಅಜ್ಜಿ, ಕೂದಲು ಗುಡಿಸದ ಮಗುವಿಗೆ ಉಳಿದಿರೋದು ಕೆಮ್ಮು ಒಂದೇ. ಅದನ್ನೂ ನೀವು ಸಿರಪ್ ಕುಡಿಸಿ ನಿಲ್ಲಿಸ್ತಿದೀರಿ."

ಪಟಾಲಮ್ಮ ಬಾಟಲಿಯನ್ನು ಲೋಹಿತಾಳ ಕೈಗಿಟ್ಟಳು. ಕುಡುಗೋಲಿನ ತುದಿಯಿಂದ ಒಂದೊಂದೇ ಮೊಳೆ ಮೀಟಿ ಫಿಲ್ಮು ಬಿಡಿಸಿದಳು.

"ಬಸ್ಸು ಎಷ್ಟೊತ್ತಿಗೆ ಅಂದೆ?"

"ಹತ್ತು ನಿಮಿಷ ಇದೆ. ನಾಲ್ಕು ಸಲ ಹೇಳಿದೀನಿ."

"ಐದನೇ ಸಲ ಹೇಳಿಸ್ಕಳಲ್ಲ, ನಡಿ."

ಓದುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಹುಟ್ಟಿದಾಗಿನಿಂದ ಕಫದ ಕೆಮ್ಮು, ಸದಾ ಸೋರುವ ಮೂಗು ಇರುವ ಮಗು ಇದೆಯೇ? ಧೂಳು, ಚಳಿ, ಹಲ್ಲು ಎನ್ನುತ್ತ ವರ್ಷ ಕಳೆಯಬೇಡಿ. ಕೆಮ್ಮು ನಿಲ್ಲಿಸುವ ಔಷಧಿಯನ್ನು ನೀವೇ ತಂದು ಕುಡಿಸಬೇಡಿ. ಒಲೆಯ ಹೊಗೆ, ಬೀಡಿಯ ಹೊಗೆ ಮಗುವಿಗೆ ತಾಗದಿರಲಿ. ಆ ಕೂದಲನ್ನು ಸರಿಮಾಡುವ ಮದ್ದು ಇನ್ನೂ ಬಂದಿಲ್ಲ ನಿಜ. ಆದರೆ ದಿನವೂ ಕಫ ಹೊರಹಾಕುವ ವ್ಯಾಯಾಮ ಕಲಿತರೆ, ಸೋಂಕಿಗೆ ಬೇಗ ಚಿಕಿತ್ಸೆ ಕೊಡಿಸಿದರೆ ಶ್ವಾಸಕೋಶವನ್ನು ಕಾಪಾಡಬಹುದು. ಹಳೆಯ ಎಕ್ಸ್‌ರೇ ಎಲ್ಲಿ ಹೊಡೆದಿದ್ದರೂ ಕಿತ್ತುಕೊಂಡು, ಮಗುವನ್ನು ಎತ್ತಿಕೊಂಡು, ಇವತ್ತೇ ಹೊರಡಿ.