ಒಬ್ಬರೇ ಹಚ್ಚಿಕೊಳ್ಳೋ ಮುಲಾಮು

ಮೂವತ್ತು ವರ್ಷ ಏಣಿ ಹತ್ತಿ ಕಂಡವರ ಮನೆಗೆಲ್ಲ ಬಣ್ಣ ಹೊಡೆದವನು ನಾನು. ಮೂರನೇ ಮಹಡಿಯಲ್ಲಿ ಜೋತಾಡಿದಾಗಲೂ ಏನೂ ಆಗದ ಈ ಬೆನ್ನು, ಬಚ್ಚಲಲ್ಲಿ ಜಾರಿದ ಸೋಪು ಎತ್ತೋಕೆ ಬಗ್ಗಿದಾಗ ಹಿಡ್ಕೊಂಡುಬಿಡ್ತು. ಹೇಳಿಕೊಳ್ಳೋಕೂ ಮರ್ಯಾದೆ ಇಲ್ಲದ ನೋವು.

ಬೇರೆ ದಿನವಾಗಿದ್ದರೆ "ಲೇ, ಬಾರೇ ಇಲ್ಲಿ" ಅಂತ ಕೂಗಿದರೆ ಸಾಕು, ಹೆಂಡತಿ ಮುಲಾಮು ಹಿಡ್ಕೊಂಡು ಬರ್ತಿದ್ದಳು. ಆದರೆ ನಮ್ಮಿಬ್ಬರ ಮಧ್ಯೆ ಮಾತು ನಿಂತು ಒಂಬತ್ತು ದಿನ ಆಗಿತ್ತು. ತಪ್ಪು ಯಾರದು ಅಂತೀರಾ? ನನ್ನದೇ. ಅವಳು ಬಟ್ಟೆ ಹೊಲಿಯೋಳು. ಬೆಳಗಿಂದ ಸಂಜೆವರೆಗೆ ಮಿಷನ್ ಮುಂದೆ ಬಗ್ಗಿ ಕೂತಿರ್ತಾಳೆ. ರಾತ್ರಿ ಹೊತ್ತು ಅವಳ ಬೆನ್ನಿಗೆ ಮುಲಾಮು ಹಚ್ಚೋದು ನನ್ನ ಪಾಲಿನ ಕೆಲಸ. ಅವತ್ತು ಎದ್ದು ಬಂದು, "ಬೆನ್ನು ತಡೆಯೋಕಾಗ್ತಿಲ್ಲ ಕಣ್ರೀ, ಸ್ವಲ್ಪ ಮುಲಾಮು ಹಚ್ಚಿ" ಅಂದಳು. ನಾನು, ಮಹಾಶಯ, "ಕೂತ್ಕೊಂಡು ಮಾಡೋ ಕೆಲಸಕ್ಕೂ ದಿನಾ ನೋವಾ?" ಅಂದುಬಿಟ್ಟೆ. ಅವಳು ಟ್ಯೂಬಿನ ಮುಚ್ಚಳ ಹಾಕಿ ವಾಪಸ್ ಹೋದಳು.

ಅಲ್ಲಿಂದೀಚೆಗೆ ಊಟ ಬಡಿಸ್ತಾಳೆ, ಮಾತಿಲ್ಲ. ನಾನು 'ತಪ್ಪಾಯ್ತು' ಅಂದರೆ ಮುಗೀತು. ಆದರೆ ಆ ಒಂದು ಪದ ಮಾತ್ರ ನನ್ನ ಗಂಟಲು ದಾಟಲ್ಲ. ಮಿಕ್ಕ ಪದಗಳೆಲ್ಲ ಕೇಳದೇ ಬರ್ತವೆ! ಹೀಗೇ ಬಿಟ್ಟರೆ ಈ ಮನೆಯಲ್ಲಿ ಮಾತೇ ಸತ್ತುಹೋಗುತ್ತೇನೋ ಅಂತ ಒಳಗೊಳಗೇ ಹೆದರಿಕೆ. ಆದರೂ ಜಂಬ ಬಿಡಬೇಕಲ್ಲ.

ಸರಿ, ಬೆನ್ನು ಅಂದರೇನು, ಅದೂ ಒಂದು ಗೋಡೆ ತಾನೇ ಅಂದುಕೊಂಡೆ. ಬಣ್ಣ ಬಳಿಯೋ ಉದ್ದ ಕೋಲಿನ ರೋಲರ್ ತಂದು, ಕೋಣೆ ಬಾಗಿಲು ಹಾಕ್ಕೊಂಡು, ಅರ್ಧ ಟ್ಯೂಬ್ ಮುಲಾಮನ್ನ ಅದಕ್ಕೆ ಹಿಂಡಿ, ಭುಜದ ಮೇಲಿಂದ ಹಿಂದಕ್ಕೆ ಇಳಿಬಿಟ್ಟು ಉರುಳಿಸಿದೆ. ಮುಲಾಮನ್ನೆಲ್ಲ ರೋಲರೇ ಕುಡಿದುಬಿಡ್ತು. ನನ್ನ ಬೆನ್ನಿಗೆ ಸಿಕ್ಕಿದ್ದು ಹೋದ ವಾರದ ಹಸಿರು ಬಣ್ಣದ ಒಣ ಚಕ್ಕೆಗಳು.

ಸೊಂಟ ಹಿಡ್ಕೊಂಡು ಮೆಡಿಕಲ್ ಶಾಪಿಗೆ ಹೋದೆ. ಅಲ್ಲಿನ ಮೇಡಂ ನಮ್ಮ ಬೀದಿಯವರೆಲ್ಲರ ಹೊಟ್ಟೆಯೊಳಗಿನ ಸಂಗತಿ ಬಲ್ಲವರು.

"ಬೆನ್ನುನೋವಿಗೆ ಒಂದು ಗಟ್ಟಿ ಮಾತ್ರೆ ಕೊಡಿ ಮೇಡಂ."

"ನಿಮಗಾ? ಹೊಟ್ಟೆಹುಣ್ಣು ಅಂತ ಆಸ್ಪತ್ರೆ ಸೇರಿದ್ದು ಮರೆತುಹೋಯ್ತಾ? ಡಾಕ್ಟರನ್ನ ಕೇಳದೆ ನಾನು ಕೊಡಲ್ಲಪ್ಪ. ಹಚ್ಚೋದು ಏನಾದ್ರೂ ತಗೊಳ್ಳಿ."

ಮುಲಾಮು, ಸ್ಪ್ರೇ, ಅಂಟಿಸೋ ಪಟ್ಟಿ, ಎಲ್ಲ ತಂದು ಸಾಲಾಗಿ ಇಟ್ಟರು. ಬಣ್ಣದ ಕಾರ್ಡು ಹಿಡ್ಕೊಂಡು ನನ್ನ ತಲೆ ತಿನ್ನೋ ಗಿರಾಕಿಗಳ ಥರ ನಾನೂ ಒಂದೊಂದನ್ನೇ ತಿರುಗಿಸಿ ನೋಡಿದೆ. ಕೊನೆಗೆ ದನಿ ಇಳಿಸಿ ಕೇಳಿದೆ, "ಇದರಲ್ಲಿ ಒಬ್ಬರೇ ಹಚ್ಚಿಕೊಳ್ಳೋಕೆ ಆಗೋದು ಯಾವುದು?"

ಅವರು ನಕ್ಕುಬಿಟ್ಟರು. "ಏನ್ರೀ ಇದು, ಗಂಡ ಹೆಂಡತಿ ಇಬ್ಬರದೂ ಒಂದೇ ಪ್ರಶ್ನೆ! ಮೊನ್ನೆ ನಿಮ್ಮನೆಯವರೂ ಬಂದು ಇದನ್ನೇ ಕೇಳಿದ್ರು. ಪಟ್ಟಿ ಕೊಟ್ಟೆ. ಕೈ ಎಟುಕಲಿಲ್ಲ ಅಂತ ಅದನ್ನ ಬಾಗಿಲಿಗೆ ತಗುಲಿಸಿ, ಬೆನ್ನು ಕೊಟ್ಟು ಒತ್ತಿದ್ರಂತೆ. ಅದು ಬಾಗಿಲಿಗೇ ಅಂಟ್ಕೊಂಡು ಕೂತ್ಬಿಡ್ತಂತೆ."

ನನಗೆ ನಗು ಬರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಆ ಪಟ್ಟಿ ನೋಡಿ, "ಬಣ್ಣ ಹಾಳಾಯ್ತು" ಅಂತ ಗೊಣಗಿಕೊಂಡು ಕಿತ್ತು ಬಿಸಾಕಿದ್ದವನು ನಾನೇ. ಬಾಗಿಲಿನ ಬಣ್ಣ ಕಂಡಿತ್ತು. ಯಾರ ಬೆನ್ನಿಗೆ ತಂದಿದ್ದು ಅಂತ ಕೇಳಬೇಕು ಅನ್ನಿಸಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

"ಮೇಡಂ, ಇನ್ನೊಬ್ಬರು ಹಚ್ಚೋದೇ ಕೊಡಿ" ಅಂದೆ.

ಮನೆಗೆ ಬಂದಾಗ ಅವಳು ಯಾರದೋ ರವಿಕೆಗೆ ತೋಳು ಕೂಡಿಸ್ತಿದ್ದಳು. ಹಿಂದೆ ಹೋಗಿ ನಿಂತೆ.

"ತಪ್ಪಾಯ್ತು ಕಣೇ."

ಮಿಷನ್ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಜಡೆ ಎತ್ತಿ ಮುಂದಕ್ಕೆ ಹಾಕ್ಕೊಂಡಳು. ನನಗೆ ಅಷ್ಟೇ ಸಾಕಾಯ್ತು. "ಅಮ್ಮಾ" ಅಂತ ನರಳುತ್ತಾ ಸ್ಟೂಲ್ ಎಳೆದು ಕೂತು, ಯಾವಾಗಲೂ ಹಚ್ಚೋ ಹಾಗೆ ಕತ್ತಿನ ಕೆಳಗೆ ತಿಕ್ಕತೊಡಗಿದೆ.

"ಅಲ್ಲಲ್ಲ" ಅಂದಳು. ಒಂಬತ್ತು ದಿನದ ಮೇಲೆ ಅವಳ ಮೊದಲ ಮಾತು. "ಇನ್ನೂ ಕೆಳಗೆ. ಎಡಗಡೆ."

"ನಿಂಗೆ ನೋಯೋದು ಇಲ್ಲೇ ಅಲ್ವಾ?"

"ಮೊದಲು ಅಲ್ಲೇ ಇತ್ತು. ಈಗ ನಾಲ್ಕು ವರ್ಷದಿಂದ ಕೆಳಗೆ."

"ಅಯ್ಯೋ, ದಿನಾ ಹಚ್ತಿದ್ನಲ್ಲೇ! ಒಂದು ಮಾತು ಹೇಳಬಾರದಿತ್ತಾ?"

ಅವಳು ಮಿಷನ್ನಿನ ಮೇಲೆ ಕೈಯೂರಿ ತಲೆ ಬಗ್ಗಿಸಿದಳು.

"ನೀವು ಟಿವಿ ನೋಡ್ಕೊಂಡು ಹಚ್ತಿದ್ರಿ. ಹಚ್ತಾರಲ್ಲ, ಅಷ್ಟೇ ಸಾಕು ಅಂತ ಸುಮ್ಮನಿದ್ದೆ."